ಬ್ಯಾಚ್ ಮುಗಿದಾಗ ನಿಲ್ಲುವ ಕೆಮ್ಮು

ಒಂಬತ್ತು ವರ್ಷದ ಹುಡುಗಿ. ಅಜ್ಜಿ ಅವಳನ್ನು ಮೊದಲ ಸಲ ನನ್ನ ದವಾಖಾನೆಗೆ ಕರೆತಂದಾಗ ಈದ್ ಮುಗಿದು ಒಂದು ವಾರವಾಗಿತ್ತು. ರಾತ್ರಿ ಮಲಗಿದರೆ ಕೆಮ್ಮು, ಫಜ್ರ್ ಹೊತ್ತಿಗೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು, ಕಣ್ಣುರಿ. ನಾಡಿ ನೋಡಿದೆ, ಎದೆ ಕೇಳಿದೆ. ದಮ್ಮಿನ ಶುರು ಅನ್ನಿಸಿತು. ಶರ್ಬತ್-ಎ-ಝೂಫಾ ಕೊಟ್ಟೆ. ತಣ್ಣನೆಯದು, ಹುಳಿ, ಐಸ್‌ಕ್ರೀಂ ಬೇಡ ಎಂದೆ. ಹತ್ತು ದಿನಕ್ಕೆ ಕಡಿಮೆಯಾಯಿತು. ಔಷಧಿ ಕೆಲಸ ಮಾಡಿತು ಎಂದು ನನಗೂ ಸಂತೋಷ, ಅಜ್ಜಿಗೂ ಸಂತೋಷ.

ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಬಂದರು. ಅದೇ ಕೆಮ್ಮು, ಅದೇ ಸಿಳ್ಳೆ. ಮತ್ತೆ ಔಷಧಿ, ಮತ್ತೆ ಗುಣ. ಹೀಗೇ ಒಂದು ವರ್ಷ ನಡೆಯಿತು. ಒಮ್ಮೆ ಮಳೆಗಾಲದ ತಂಡಿ ಎಂದೆ, ಇನ್ನೊಮ್ಮೆ ಮದುವೆಮನೆಯ ಊಟ ಎಂದೆ. ಕೊನೆಗೆ ಒಂದು ದಿನ ಅಜ್ಜಿಯೇ ಹೇಳಿದರು: “ಡಾಕ್ಟರ್ ಸಾಬ್, ನೀವು ಬೈಬೇಡಿ. ಕೋಳಿ ಬ್ಯಾಚ್ ಹೋದಾಗೆಲ್ಲಾ ಇವಳಿಗೆ ತಾನಾಗೇ ಕಮ್ಮಿ ಆಗ್ತದೆ. ನಿಮ್ಮ ಔಷಧಿ ಕುಡಿಸದಿದ್ದರೂ.”

ಅವಳ ಕಾರ್ಡು ತೆಗೆದು ತಾರೀಖುಗಳನ್ನು ನೋಡಿದೆ. ಸುಮಾರು ಎಂಟೆಂಟು ವಾರಕ್ಕೆ ಒಂದು ಭೇಟಿ. ಬ್ರಾಯ್ಲರ್ ಮರಿ ಶೆಡ್‌ಗೆ ಇಳಿದು, ಬೆಳೆದು, ಲಾರಿ ಹತ್ತಲು ಸುಮಾರು 40 ದಿನ. ನಂತರ ಗೊಬ್ಬರ ತೆಗೆದು, ಸುಣ್ಣ ಹೊಡೆದು, ಶೆಡ್ ಖಾಲಿ ಬಿಡಲು ಹತ್ತು ಹದಿನೈದು ದಿನ. ಆ ಮಗುವಿನ ಉಸಿರು ಆ ಶೆಡ್‌ನ ಲೆಕ್ಕದಲ್ಲೇ ಏರಿ ಇಳಿಯುತ್ತಿತ್ತು. ಏನು ತಿನ್ನುತ್ತೀ, ಏನು ಕುಡಿಯುತ್ತೀ, ನಿದ್ದೆ ಹೇಗಿದೆ ಎಂದೆಲ್ಲ ಕೇಳಿದ್ದ ನಾನು, ಮನೆ ಎಲ್ಲಿದೆ, ಅಕ್ಕಪಕ್ಕ ಏನಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಇದು ನನಗೆ ನಾಚಿಕೆಯ ಸಂಗತಿ. ಯುನಾನಿ ಓದುವವರಿಗೆ ಮೊದಲು ಬಾಯಿಪಾಠ ಮಾಡಿಸುವುದೇ ಅಸ್ಬಾಬ್-ಎ-ಸಿತ್ತಾ ಝರೂರಿಯಾ, ಅಂದರೆ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳು. ಅನ್ನಪಾನ, ನಿದ್ದೆ ಎಚ್ಚರ ಎಲ್ಲವೂ ಅದರಲ್ಲಿವೆ. ಆದರೆ ಆರರಲ್ಲಿ ಮೊದಲನೆಯದು ಹವಾ, ನಮ್ಮನ್ನು ಸುತ್ತುವರಿದ ಗಾಳಿ. ಇಬ್ನ್ ಸೀನಾ ತಮ್ಮ ಅಲ್-ಖಾನೂನ್‌ನಲ್ಲಿ ಕೆಟ್ಟ ಆವಿ ಬೆರೆತ ಗಾಳಿಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬಗ್ದಾದಿನಲ್ಲಿ ಆಸ್ಪತ್ರೆ ಕಟ್ಟಲು ಜಾಗ ಹುಡುಕುವಾಗ ಅರ್-ರಾಝಿ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡು ತೂಗುಹಾಕಿಸಿ, ಎಲ್ಲಿ ಅದು ತಡವಾಗಿ ಕೆಟ್ಟಿತೋ ಅಲ್ಲಿ ಕಟ್ಟಿಸಿದರು ಎಂಬ ಕಥೆಯೂ ಇದೆ. ಕಥೆ ನಿಜವೋ ಅಲ್ಲವೋ, ಹೇಳುವ ಮಾತು ಸರಿಯಾಗಿದೆ: ಊರು ಒಂದೇ ಆದರೂ ಎಲ್ಲ ಬೀದಿಗಳ ಗಾಳಿ ಒಂದೇ ಅಲ್ಲ.

ಪ್ರಾಣಿಗಳನ್ನು ಸಾವಿರಗಟ್ಟಲೆ ಒಂದೆಡೆ ಕೂಡಿಹಾಕಿ ಸಾಕುವ ಜಾಗದ ಗಾಳಿ ನೆರೆಯವರಿಗೆ ಏನು ಮಾಡುತ್ತದೆ ಎಂಬುದನ್ನು ದುಬಾರಿ ಬೆಲೆ ತೆತ್ತು ಕಲಿತ ದೇಶ ನೆದರ್‌ಲ್ಯಾಂಡ್ಸ್. ಅಲ್ಲಿ ಪಾಠ ಕಲಿಸಿದ್ದು ನಮಗೆಲ್ಲ ಬಹಳ ಪರಿಚಿತವಾದ ಪ್ರಾಣಿ: ಆಡು.

1984ರಲ್ಲಿ ಯುರೋಪಿನಲ್ಲಿ ಹಸುವಿನ ಹಾಲಿಗೆ ಮಿತಿ ಹೇರಿದ ಮೇಲೆ ಅಲ್ಲಿನ ಅನೇಕ ರೈತರು ಹಾಲಿನ ಆಡುಗಳ ಕಡೆ ತಿರುಗಿದರು. ಅದಕ್ಕೂ ಮೊದಲು ಇಡೀ ದೇಶದಲ್ಲಿ ಕೆಲವು ಸಾವಿರ ಇದ್ದ ಹಾಲಿನ ಆಡುಗಳು 2009ರ ಹೊತ್ತಿಗೆ 2 ಲಕ್ಷ ದಾಟಿದವು. ನಮ್ಮಲ್ಲಿಯಂತೆ ಹಿತ್ತಿಲಲ್ಲಿ ನಾಲ್ಕೈದು ಆಡಲ್ಲ. ಒಂದೊಂದು ಕೊಟ್ಟಿಗೆಯಲ್ಲಿ ನೂರಾರು, ಸಾವಿರಾರು, ಅದೂ ಊರಿನ ಮನೆಗಳಿಗೆ ಹತ್ತಿರ. ದಕ್ಷಿಣದ ನೂರ್ಡ್-ಬ್ರಬಾಂಟ್ ಪ್ರಾಂತ್ಯದಲ್ಲಿ ಇವು ದಟ್ಟವಾಗಿದ್ದವು. 2005ರಿಂದ ಕೆಲವು ಕೊಟ್ಟಿಗೆಗಳಲ್ಲಿ ಆಡುಗಳು ಗುಂಪುಗುಂಪಾಗಿ ಕಂದು ಹಾಕತೊಡಗಿದವು. 2007ರಲ್ಲಿ ಹರ್ಪೆನ್ ಎಂಬ ಸಣ್ಣ ಹಳ್ಳಿಯ ವೈದ್ಯರು ಒಂದು ವಿಷಯ ಗಮನಿಸಿದರು. ಗಟ್ಟಿಮುಟ್ಟಾದ ನಡುವಯಸ್ಸಿನವರು ಒಬ್ಬರ ಹಿಂದೊಬ್ಬರು ವಿಪರೀತ ಜ್ವರ, ತಲೆನೋವು, ನ್ಯುಮೋನಿಯಾ ಎಂದು ಬರುತ್ತಿದ್ದಾರೆ. ಅಷ್ಟು ಚಿಕ್ಕ ಊರಿಗೆ ಇದು ಹೆಚ್ಚಾಯಿತು ಎಂದು ಅವರು ಆರೋಗ್ಯ ಇಲಾಖೆಗೆ ತಿಳಿಸಿದರು. ನನ್ನ ಕಾರ್ಡಿನಲ್ಲಿದ್ದ ತಾರೀಖುಗಳನ್ನು ನಾನು ಒಂದು ವರ್ಷ ಓದದೆ ಕುಳಿತಿದ್ದೆ. ಆ ಹಳ್ಳಿಯ ವೈದ್ಯರು ಓದಿದರು.

ಅದು ಕ್ಯೂ ಜ್ವರ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 1930ರ ದಶಕದಲ್ಲಿ ಕಸಾಯಿಖಾನೆಯ ಕೆಲಸಗಾರರಲ್ಲಿ ಮೊದಲು ಕಂಡಾಗ ಕಾರಣ ಗೊತ್ತಿರಲಿಲ್ಲ. ಹಾಗಾಗಿ ‘ಪ್ರಶ್ನೆ’ ಎಂಬರ್ಥದ ಇಂಗ್ಲಿಷ್ ಪದದ ಮೊದಲ ಅಕ್ಷರವೇ ಹೆಸರಾಯಿತು. ರೋಗಾಣುವಿನ ಹೆಸರು ಕಾಕ್ಸಿಯೆಲ್ಲಾ ಬರ್ನೆಟೈ. ಸೋಂಕಿರುವ ಆಡು ಕುರಿಗಳು ಈಯುವಾಗ ಅಥವಾ ಕಂದು ಹಾಕುವಾಗ ಮಾಸಿನಲ್ಲಿ, ನೀರಿನಲ್ಲಿ ಕೋಟಿಗಟ್ಟಲೆ ಹೊರಬರುತ್ತದೆ. ಒಣಗಿ ಧೂಳಾದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಉಳಿಯುತ್ತದೆ. ಗಾಳಿ ಬೀಸಿದರೆ ಧೂಳಿನ ಜೊತೆ ಊರಿಗೆ ಬರುತ್ತದೆ. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಆಡನ್ನು ಮುಟ್ಟಿದವರೇ ಅಲ್ಲ. ಹಾಲು ಕರೆದವರಲ್ಲ, ಕೊಟ್ಟಿಗೆಗೆ ಕಾಲಿಟ್ಟವರಲ್ಲ. ಅವರು ಮಾಡಿದ್ದಿಷ್ಟೇ: ತಮ್ಮ ಮನೆಯಲ್ಲಿ ಉಸಿರಾಡಿದರು.

2007ರಲ್ಲಿ 168 ಜನ, 2008ರಲ್ಲಿ 1,000, 2009ರಲ್ಲಿ 2,300ಕ್ಕೂ ಹೆಚ್ಚು. ಒಟ್ಟು 4,000ಕ್ಕೂ ಮೀರಿದ ರೋಗಿಗಳು ದಾಖಲಾದರು. ಲಕ್ಷಣವಿಲ್ಲದೆ ಸೋಂಕು ತಗುಲಿದವರನ್ನೂ ಸೇರಿಸಿದರೆ 40,000 ದಾಟುತ್ತದೆಂದು ಆಮೇಲೆ ಅಂದಾಜು ಮಾಡಿದರು. ಸೋಂಕಿದ್ದ ಒಂದು ಫಾರಂನ ಸುತ್ತ ಲೆಕ್ಕ ಹಾಕಿ ನೋಡಿದಾಗ, ಎರಡು ಕಿಲೋಮೀಟರ್ ಒಳಗಿದ್ದವರಿಗೆ ಐದು ಕಿಲೋಮೀಟರ್ ಆಚೆಯವರಿಗಿಂತ ಸುಮಾರು 31 ಪಟ್ಟು ಹೆಚ್ಚು ಅಪಾಯವಿತ್ತು. ಜ್ವರ ಹೆಚ್ಚಿನವರಿಗೆ ವಾಸಿಯಾಯಿತು. ಆದರೆ ಕೆಲವರಲ್ಲಿ ರೋಗಾಣು ಹೃದಯದ ಕವಾಟದಲ್ಲಿ, ರಕ್ತನಾಳದಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿತು. ಹೀಗೆ ದೀರ್ಘಕಾಲ ನರಳಿ ಸತ್ತವರು 90ಕ್ಕೂ ಹೆಚ್ಚು. ಇನ್ನು ಕೆಲವರು ಬದುಕಿದರೂ ಮೊದಲಿನಂತೆ ದುಡಿಯಲಾರದೆ ದಣಿವಿನಲ್ಲೇ ಉಳಿದರು.

ನನಗೆ ಇದರಲ್ಲಿ ಹೆಚ್ಚು ಕಾಡುವುದು ರೋಗವಲ್ಲ, ಮೌನ. ಯಾವ ಫಾರಂನಲ್ಲಿ ಸೋಂಕಿದೆ ಎಂಬುದನ್ನು ಅಧಿಕಾರಿಗಳು ಬಹುಕಾಲ ಊರವರಿಗೆ ಹೇಳಲಿಲ್ಲ. ರೈತರ ಖಾಸಗಿ ಮಾಹಿತಿ ಎಂಬುದು ಕಾರಣ. 2009ರ ಡಿಸೆಂಬರ್‌ನಲ್ಲಿ ಪಟ್ಟಿ ಬಹಿರಂಗವಾಯಿತು. ಅದೇ ಹೊತ್ತಿಗೆ ಗಬ್ಬದ ಆಡುಗಳನ್ನು ಕೊಲ್ಲಲು ಆದೇಶವಾಗಿ, 50,000ಕ್ಕೂ ಹೆಚ್ಚು ಆಡುಗಳು ಸತ್ತವು. ತಡವಾಗಿ ತೆಗೆದುಕೊಂಡ ನಿರ್ಧಾರದ ಬೆಲೆಯನ್ನು ಮೂಕಪ್ರಾಣಿಗಳೂ ಕೊಟ್ಟವು, ರೈತರೂ ಕೊಟ್ಟರು. 2012ರಲ್ಲಿ ಆ ದೇಶದ ಒಂಬುಡ್ಸ್‌ಮನ್, ಸರ್ಕಾರ ಜನರಿಗೆ ಸಕಾಲದಲ್ಲಿ ತಿಳಿಸದೆ ತಪ್ಪು ಮಾಡಿತು ಎಂದು ವರದಿ ಕೊಟ್ಟರು.

“ಅದು ಒಂದು ರೋಗಾಣುವಿನ ಕಥೆ. ನಮ್ಮ ಪಕ್ಕದ ಶೆಡ್‌ನಲ್ಲಿ ರೋಗವಿಲ್ಲವಲ್ಲ, ಬರೀ ವಾಸನೆ ತಾನೇ?” ಎಂದು ನೀವು ಕೇಳಬಹುದು. ಡಚ್ಚರೂ ಇದೇ ಪ್ರಶ್ನೆ ಕೇಳಿಕೊಂಡರು. ಲಸಿಕೆ ಹಾಕಿ ಕ್ಯೂ ಜ್ವರ ಹತೋಟಿಗೆ ಬಂದ ಮೇಲೆ, ದನ, ಹಂದಿ, ಕೋಳಿ, ಆಡಿನ ಫಾರಂಗಳು ದಟ್ಟವಾಗಿರುವ ಪ್ರದೇಶದಲ್ಲಿ ದೊಡ್ಡದೊಂದು ಅಧ್ಯಯನ ಮಾಡಿದರು. ಕೃಷಿಕರಲ್ಲದ ನೆರೆಯವರಲ್ಲಿ ಸುಮಾರು 2,500 ಜನರ ಆರೋಗ್ಯ ತಪಾಸಣೆ ಮಾಡಿ, ಶ್ವಾಸಕೋಶದ ಶಕ್ತಿ ಅಳೆದರು. 2016ರಲ್ಲಿ ವರದಿ ಬಂತು. ಮನೆಯ ಒಂದು ಕಿಲೋಮೀಟರ್ ಸುತ್ತ 15ಕ್ಕಿಂತ ಹೆಚ್ಚು ಫಾರಂಗಳಿದ್ದವರ ಶ್ವಾಸಕೋಶ ಸ್ವಲ್ಪ ದುರ್ಬಲವಾಗಿತ್ತು. ಗಾಳಿಯಲ್ಲಿ ಅಮೋನಿಯಾ ಹೆಚ್ಚಾದ ದಿನಗಳ ನಂತರ ಎಲ್ಲರ ಊದುವ ಶಕ್ತಿಯೂ ಇಳಿಯುತ್ತಿತ್ತು. ಮೊದಲೇ ಶ್ವಾಸಕೋಶದ ಕಾಯಿಲೆ ಇದ್ದವರು ಫಾರಂ ಹತ್ತಿರವಿದ್ದರೆ ಹೆಚ್ಚು ನರಳುತ್ತಿದ್ದರು. ಕೋಳಿ ಫಾರಂ, ಆಡಿನ ಫಾರಂಗಳ ಸಮೀಪ ನ್ಯುಮೋನಿಯಾ ಹೆಚ್ಚಿತ್ತು. ಹಾಗಾಗಿಯೇ 2017ರಲ್ಲಿ ನೂರ್ಡ್-ಬ್ರಬಾಂಟ್ ಹೊಸ ಆಡಿನ ಫಾರಂಗಳಿಗೆ ತಡೆ ಹಾಕಿತು.

ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಹೇಳಬೇಕು. ಫಾರಂ ಹತ್ತಿರ ಇದ್ದವರಲ್ಲಿ ಅಲರ್ಜಿ ಮತ್ತು ಅಸ್ತಮಾ ಇದ್ದವರ ಸಂಖ್ಯೆ ಕಡಿಮೆಯೇ ಇತ್ತು. ಹಳ್ಳಿಯ ದನಕರುಗಳ ನಡುವೆ ಬೆಳೆದ ಮಕ್ಕಳಿಗೆ ಅಲರ್ಜಿ ಕಮ್ಮಿ ಎಂಬುದು ಬೇರೆಡೆಯೂ ಕಂಡ ಸಂಗತಿ. ಆದ್ದರಿಂದ ಎರಡು ಎಮ್ಮೆ, ನಾಲ್ಕು ಆಡು, ಹತ್ತು ನಾಟಿಕೋಳಿ ಇರುವ ಮನೆಯವರು ಇದನ್ನೋದಿ ಗಾಬರಿಯಾಗಬೇಕಿಲ್ಲ. ನಾನು ಹೇಳುತ್ತಿರುವುದು ಒಂದೇ ಚಾವಣಿಯ ಕೆಳಗೆ ಹತ್ತು ಸಾವಿರ ಕೋಳಿ ಇರುವ ಜಾಗದ ಬಗ್ಗೆ.

ಅಲ್ಲಿ ಆಗುವುದೇನು? ಕೋಳಿಗೆ ಬೇರೆಯಾಗಿ ಮೂತ್ರವಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನಲ್ಲಿ ಅದು ಸೇರಿ, ಕುಡಿಯುವ ನೀರಿನ ಪೈಪು ಸೋರಿ ತೇವವಾದರೆ, ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ಕಣ್ಣು ಮೂಗು ಚುರುಗುಟ್ಟಿಸುವುದು ಇದೇ. ಗಂಟಲಿನ, ಶ್ವಾಸನಾಳದ ತೇವದಲ್ಲಿ ಕರಗಿ ಒಳಪೊರೆಯನ್ನು ಕೆರಳಿಸುತ್ತದೆ. ಅಮೋನಿಯಾ ಅಲ್ಲಿಗೇ ಮುಗಿಯುವುದಿಲ್ಲ. ವಾಹನ, ಕಾರ್ಖಾನೆಗಳ ಹೊಗೆಯಲ್ಲಿನ ಆಮ್ಲಗಳ ಜೊತೆ ಗಾಳಿಯಲ್ಲಿ ಸೇರಿ ಅತಿ ಸಣ್ಣ ಕಣಗಳಾಗಿ ಬಹುದೂರ ಹೋಗುತ್ತದೆ. ಈ ಕಣಗಳು ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇಳಿಯಬಲ್ಲವು. ಅಮೆರಿಕದಲ್ಲಿ ಕೃಷಿಯಿಂದ ಕೆಡುವ ಗಾಳಿಗೆ ವರ್ಷಕ್ಕೆ 17,900 ಸಾವುಗಳು ಎಂದು 2021ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅದರಲ್ಲಿ ದೊಡ್ಡ ಪಾಲು ಅಮೋನಿಯಾದ್ದೇ. ಇನ್ನು ಧೂಳು. ಮನೆಗೆ ಬರುವ ಬೂದು ಬಣ್ಣದ ಪುಡಿಯನ್ನು ಬರೀ ಮಣ್ಣೆಂದು ತಿಳಿಯಬೇಡಿ. ಅದರಲ್ಲಿ ಗರಿಯ ಚೂರು, ಚರ್ಮದ ಹೊಟ್ಟು, ಒಣ ಹಿಕ್ಕೆ, ಆಹಾರದ ಪುಡಿ, ಸತ್ತ ಬ್ಯಾಕ್ಟೀರಿಯಾಗಳ ಪೊರೆಯ ಚೂರುಗಳಿರುತ್ತವೆ. ಈ ಕೊನೆಯದಕ್ಕೆ ಎಂಡೋಟಾಕ್ಸಿನ್ ಎನ್ನುತ್ತಾರೆ. ದಮ್ಮು ಇರುವವರ ಶ್ವಾಸನಾಳ ಇದಕ್ಕೆ ಬೇಗ ಊದಿಕೊಳ್ಳುತ್ತದೆ.

ಬ್ಯಾಚಿನ ಕೊನೆಯ ಹತ್ತು ದಿನ ಕೋಳಿ ದೊಡ್ಡದು, ಹಿಕ್ಕೆ ಹೆಚ್ಚು, ಹೊಟ್ಟು ಹಳೆಯದು. ಆಮೇಲೆ ಗೊಬ್ಬರ ಬಗೆದು ಟ್ರ್ಯಾಕ್ಟರಿಗೆ ತುಂಬುವಾಗ ಇಡೀ ಬ್ಯಾಚಿನ ಧೂಳು ಒಮ್ಮೆಲೇ ಏಳುತ್ತದೆ. ದಿನದಲ್ಲಿ ನೋಡಿದರೆ ಇಶಾದಿಂದ ಫಜ್ರ್‌ವರೆಗೆ ವಾಸನೆ ಗಾಢ. ಏಕೆಂದರೆ ರಾತ್ರಿ ನೆಲ ತಣಿದಾಗ ಗಾಳಿ ಮೇಲೇಳದೆ ನೆಲದ ಹತ್ತಿರವೇ ನಿಲ್ಲುತ್ತದೆ. ಮಗುವಿಗೆ ಬೆಳಗಿನ ಜಾವವೇ ಏಕೆ ಕೆಮ್ಮು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ದಮ್ಮಿನ ಸ್ವಭಾವದಲ್ಲೇ ಇದೆ, ಅದು ಅನೇಕರಿಗೆ ರಾತ್ರಿಯೇ ಹೆಚ್ಚು.

“ಬರೀ ವಾಸನೆ” ಎಂಬ ಮಾತಿಗೆ ಅಮೆರಿಕದ ನಾರ್ತ್ ಕೆರೊಲಿನಾದಿಂದ ಒಂದು ಉತ್ತರ ಬಂದಿದೆ. ಅಲ್ಲಿನದು ಹಂದಿ ಫಾರಂಗಳು. ಹಂದಿ ನಮ್ಮ ಮನೆಯ ವಿಷಯವಲ್ಲ ಎಂದು ಪುಟ ತಿರುಗಿಸಬೇಡಿ, ಶ್ವಾಸಕೋಶಕ್ಕೆ ಪ್ರಾಣಿ ಯಾವುದೆಂದು ತಿಳಿಯುವುದಿಲ್ಲ. ಅಲ್ಲಿ ಹಂದಿಯ ಮಲಮೂತ್ರವನ್ನು ದೊಡ್ಡ ಹೊಂಡಗಳಲ್ಲಿ ತುಂಬಿ, ಆಮೇಲೆ ಹೊಲಗಳಿಗೆ ಸಿಂಪಡಿಸುತ್ತಾರೆ. ಅಕ್ಕಪಕ್ಕ ಇರುವವರಲ್ಲಿ ಬಹಳಷ್ಟು ಬಡ ಕಪ್ಪು ಜನಾಂಗದ ಕುಟುಂಬಗಳು. ಅವರು ದೂರು ಕೊಟ್ಟರೆ “ಹಳ್ಳಿಯಲ್ಲಿ ಹಳ್ಳಿ ವಾಸನೆಯೇ ಬರುತ್ತದೆ” ಎನ್ನುವವರೇ ಹೆಚ್ಚು. ಸ್ಟೀವ್ ವಿಂಗ್ ಎಂಬ ರೋಗವಿಜ್ಞಾನಿ ಆ ಜನರನ್ನೇ ಅಧ್ಯಯನದ ಪಾಲುದಾರರನ್ನಾಗಿ ಮಾಡಿಕೊಂಡರು. 16 ಊರುಗಳ 101 ಜನ ಎರಡು ವಾರ, ದಿನಕ್ಕೆರಡು ಸಲ, ಹತ್ತು ನಿಮಿಷ ಮನೆಯ ಹೊರಗೆ ಕುಳಿತು, ವಾಸನೆ ಎಷ್ಟಿದೆ ಎಂದು ಬರೆದು, ತಮ್ಮ ರಕ್ತದೊತ್ತಡ ತಾವೇ ಅಳೆದುಕೊಂಡರು. ಪಕ್ಕದಲ್ಲೇ ಯಂತ್ರ ಗಾಳಿಯನ್ನು ಅಳೆಯುತ್ತಿತ್ತು. ವಾಸನೆ ಹೆಚ್ಚಿದಾಗ ಕೆಳಗಿನ ಒತ್ತಡವೂ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಾಗ ಮೇಲಿನ ಒತ್ತಡವೂ ಏರುತ್ತಿದ್ದುದು ಕಂಡಿತು. ಅದೇ ರಾಜ್ಯದ ಇನ್ನೊಂದು ಅಧ್ಯಯನದಲ್ಲಿ, ಫಾರಂ ವಾಸನೆ ತರಗತಿಯೊಳಗೆ ಬರುತ್ತಿದ್ದ ಶಾಲೆಗಳ ಮಕ್ಕಳಲ್ಲಿ ಉಬ್ಬಸ ಹೆಚ್ಚಿತ್ತು. 2018ರಲ್ಲಿ ಅಲ್ಲಿನ ಜೂರಿಗಳು ಒಂದರ ಮೇಲೊಂದು ಮೊಕದ್ದಮೆಯಲ್ಲಿ ನೆರೆಯವರ ಪರವಾಗಿ ತೀರ್ಪು ಕೊಟ್ಟವು.

ನಮ್ಮ ದೇಶದಲ್ಲಿ ನಿಯಮ ಇಲ್ಲವೆಂದಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಹೇಳಿದ ಮೇಲೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೋಳಿ ಫಾರಂಗಳಿಗೆ 2021ರಲ್ಲಿ ಮಾರ್ಗಸೂಚಿ ತಂದಿತು. ಹೊಸ ಫಾರಂ ಜನವಸತಿಯಿಂದ 500 ಮೀಟರ್, ಕೆರೆ, ಹೊಳೆ, ಕುಡಿಯುವ ನೀರಿನ ಬಾವಿಯಿಂದ 100 ಮೀಟರ್ ದೂರ ಇರಬೇಕು. ದೊಡ್ಡ ಫಾರಂಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಪಂಚಾಯಿತಿಗೆ ಅರ್ಜಿ ಕೊಡುವವರು ಈ 500 ಮೀಟರ್ ಎಂಬ ಸಂಖ್ಯೆಯನ್ನು ಬರೆದರೆ ಪಿಡಿಒ ಅವರಿಗೂ ಉತ್ತರಿಸಲು ಒಂದು ದಾರಿ ಸಿಗುತ್ತದೆ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ, ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಬರೆದಿಡಿ. “ಯಾವಾಗಲೂ ವಾಸನೆ” ಎಂಬ ದೂರಿಗಿಂತ ಎರಡು ತಿಂಗಳ ಬರಹ ಹೆಚ್ಚು ತೂಗುತ್ತದೆ. ವೈದ್ಯರಿಗೂ ಅದನ್ನೇ ತೋರಿಸಿ.

ನಾನು ಆ ಹುಡುಗಿಯ ಮನೆಗೆ ಹೋದೆ. ಅವಳು ಮಲಗುವ ಕೋಣೆಯ ಕಿಟಕಿಯಿಂದ ಶೆಡ್‌ಗೆ 150 ಹೆಜ್ಜೆ. ಶೆಡ್ ಮಾಲೀಕರು ಅದೇ ಜಮಾಅತ್‌ನವರು. ಮರಿಯೂ ಆಹಾರವೂ ಕಂಪನಿಯದು, ಶೆಡ್ ಮತ್ತು ಬ್ಯಾಂಕ್ ಸಾಲ ಮಾತ್ರ ಅವರದು. ನಾವು ಬಂದಿದ್ದು ಜಗಳಕ್ಕೆ ಎಂದು ಮೊದಲು ಮುಖ ಬಿಗಿದುಕೊಂಡರು. ಮಾತಿನ ನಡುವೆ ಅವರಿಗೇ ಕೆಮ್ಮು ಬಂತು. ಎಷ್ಟು ದಿನದಿಂದ ಎಂದು ಕೇಳಿದೆ. “ಶೆಡ್ ಹಾಕಿದಾಗಿಂದ ಇದೆ ಬಿಡಿ” ಎಂದರು. ಎಲ್ಲರಿಗಿಂತ ಹೆಚ್ಚು ಆ ಗಾಳಿ ಕುಡಿಯುವವರು ಅವರು ಮತ್ತು ಗೊಬ್ಬರ ಬಗೆಯುವ ಹುಡುಗರು. ಆ ಹುಡುಗರು ಮೂಗಿಗೆ ಕಟ್ಟಿಕೊಳ್ಳುವ ಟವೆಲ್ ಸಾಲದು, ಎನ್-95 ಮಾಸ್ಕ್ ಬೇಕು.

ಅಂದು ಕೆಲವು ಮಾತಾಯಿತು. ಸೋರುವ ನಿಪ್ಪಲ್‌ಗಳನ್ನು ಸರಿಮಾಡಿಸಿ, ಒದ್ದೆಯಾದ ಹೊಟ್ಟನ್ನು ಆಗಾಗ ತೆಗೆದು ಒಣಹೊಟ್ಟು ಹಾಕುವುದು. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುವುದು. ಗೊಬ್ಬರ ತೆಗೆಯುವ ದಿನ ಮುಂಚೆಯೇ ಅಕ್ಕಪಕ್ಕ ತಿಳಿಸುವುದು, ಹಗಲಲ್ಲಿ ತುಂಬಿ ಟಾರ್ಪಾಲು ಹೊದಿಸುವುದು. ಇದಕ್ಕೆಲ್ಲ ಬಹಳ ಖರ್ಚಿಲ್ಲ. ಹೊಟ್ಟು ಒಣಗಿದ್ದರೆ ಕೋಳಿಯೂ ಕಡಿಮೆ ಸಾಯುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಈ ಮನೆಯವರು ಮಗುವಿನ ಹಾಸಿಗೆಯನ್ನು ಇನ್ನೊಂದು ಬದಿಯ ಕೋಣೆಗೆ ಬದಲಾಯಿಸಿದರು. ಗೊಬ್ಬರ ತೆಗೆಯುವ ದಿನ ಕಿಟಕಿ ಮುಚ್ಚಿ, ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸುತ್ತಾರೆ.

ಔಷಧಿಯ ಬಗ್ಗೆ ಒಂದು ಮಾತು. ಜೋಶಾಂದಾ, ಲವೂಖ್-ಎ-ಸಪಿಸ್ತಾನ್ ಗಂಟಲನ್ನು ನವಿರು ಮಾಡುತ್ತವೆ, ಕಫ ಸಡಿಲಿಸುತ್ತವೆ. ಆದರೆ ಯಾವ ಹಕೀಮನ ಶರ್ಬತ್ತೂ ಗಾಳಿಯಿಂದ ಅಮೋನಿಯಾ ತೆಗೆಯಲಾರದು. ಉಬ್ಬಸ ಮರುಕಳಿಸುತ್ತಿದ್ದ ಕಾರಣ ಆ ಹುಡುಗಿಯನ್ನು ಮಕ್ಕಳ ತಜ್ಞರ ಬಳಿ ಕಳಿಸಿದೆ. ಅವರು ಇನ್‌ಹೇಲರ್ ಬರೆದರು. “ಪಂಪ್ ಶುರುಮಾಡಿದರೆ ಬಿಡಕ್ಕಾಗಲ್ಲವಂತೆ” ಎಂದು ಅಜ್ಜಿ ಹೆದರಿದ್ದರು. ಅದು ತಪ್ಪು ಕಲ್ಪನೆ. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ನಮ್ಮ ಔಷಧಿ ಕೊಡುತ್ತೇವೆಂದು ಅದನ್ನು ನಿಲ್ಲಿಸುವುದೇ ಅಪಾಯ. ಮಗು ಮಾತಾಡಲಾರದಷ್ಟು ಏದುಸಿರು ಬಿಟ್ಟರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆದರೆ ದವಾಖಾನೆಗಲ್ಲ, ನೇರ ಆಸ್ಪತ್ರೆಗೆ ಹೋಗಿ.

ಆಡು ಕುರಿ ಸಾಕುವವರಿಗೆ ಇಷ್ಟು ಹೇಳಬೇಕು. ಬಕ್ರೀದ್‌ಗೆಂದು ತಿಂಗಳ ಮುಂಚೆ ತಂದು ಕಟ್ಟುವ ಹೋತದಿಂದ ಹೆದರಿಕೆ ಕಡಿಮೆ, ಈಯುವ ಆಡಿನ ಹತ್ತಿರ ಎಚ್ಚರ ಬೇಕು. ಗರ್ಭಿಣಿಯರು ಮತ್ತು ಹೃದಯ ಕವಾಟದ ತೊಂದರೆ ಇರುವವರು ಆಡು ಈಯುವಾಗ, ಕಂದು ಹಾಕಿದಾಗ ಹತ್ತಿರ ಹೋಗಬಾರದು. ಮಾಸನ್ನು ಕೈಗವಸು ಹಾಕಿ ಎತ್ತಿ ಆಳವಾಗಿ ಹೂಳಬೇಕು, ನಾಯಿಗೆ ಎಸೆಯಬಾರದು. ಒಂದಾದ ಮೇಲೊಂದು ಆಡು ಕಂದು ಹಾಕಿದರೆ ಪಶುವೈದ್ಯರಿಗೆ ತಿಳಿಸಿ. ಎರಡು ಮೂರು ವಾರದ ಒಳಗೆ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಕೆಮ್ಮು ಬಂದರೆ ವೈದ್ಯರಿಗೆ ಆಡಿನ ವಿಷಯ ನೀವೇ ಹೇಳಿ. ಅವರಾಗಿ ಕೇಳುವುದಿಲ್ಲ, ನಾನು ಕೇಳದಿದ್ದ ಹಾಗೆ. ಕ್ಯೂ ಜ್ವರಕ್ಕೆ ರಕ್ತಪರೀಕ್ಷೆ ಇದೆ, ಡಾಕ್ಸಿಸೈಕ್ಲಿನ್ ಎಂಬ ಔಷಧಿ ಇದೆ. ಗರ್ಭಿಣಿಯರಿಗೆ ಚಿಕಿತ್ಸೆ ಬೇರೆ, ಅದನ್ನು ತಜ್ಞರೇ ನಿರ್ಧರಿಸಬೇಕು.

ಹುಡುಗಿ ಈಗ ಹತ್ತು ದಾಟಿದ್ದಾಳೆ. ಬ್ಯಾಚಿನ ಕೊನೆಯಲ್ಲಿ ಇನ್ನೂ ಕೆಮ್ಮುತ್ತಾಳೆ, ಆದರೆ ಕಳೆದ ಮೂರು ಬ್ಯಾಚುಗಳಲ್ಲಿ ಶಾಲೆ ತಪ್ಪಿಸಿದ್ದು ಎರಡೇ ದಿನ. ಹೋದ ತಿಂಗಳು ಅಜ್ಜಿ ಒಬ್ಬರೇ ಬಂದರು, ಔಷಧಿಗಲ್ಲ. ಊರಿನ ಇನ್ನೊಂದು ಬದಿಯಲ್ಲಿ, ಅಂಗನವಾಡಿಯ ಹಿಂದೆ, ಯಾರೋ ಹೊಸ ಶೆಡ್‌ಗೆ ಕಂಬ ನೆಡುತ್ತಿದ್ದಾರಂತೆ. ಅರ್ಜಿ ಹೇಗೆ ಬರೆಯಬೇಕೆಂದು ಕೇಳಲು ಬಂದಿದ್ದರು. ಮೊದಲು ಅಳೆಯೋಣ ಎಂದೆ. ಸಂಜೆ ಅವರ ಮಗ ಬಾವಿ ಹಗ್ಗ ತಂದ. ಅಂಗನವಾಡಿಯ ಗೋಡೆಯಿಂದ ಮೊದಲ ಕಂಬಕ್ಕೆ 180 ಮೀಟರ್.